ಕಚ್ಚದ ಕರೆಂಟು

"ಅತ್ತೇ! ಏನ್ ಮಾಡ್ತಿದ್ದೀರಾ... ಮೊದಲು ತಲೆ ಎತ್ತಿ!"

ಕನಾಕೊಳ ಕೂಗು ಮನೆಯವರೇ ನಡೆಸುವ ಖಾಲಿ ಸಾರ್ವಜನಿಕ ಸ್ನಾನಗೃಹದ ತುಂಬ ಮಾರ್ದನಿಸಿತು. ಮೂರು ಗಂಟೆಗೆ ಗಿರಾಕಿಗಳಿಗೆ ಬಾಗಿಲು ತೆರೆಯಬೇಕು. ಅಷ್ಟರಲ್ಲಿ ಅವಳ ಅತ್ತೆ, ಎಪ್ಪತ್ತಾರರ ಸೆತ್ಸು, ಹೆಂಗಸರ ಕಡೆಯ ಕರೆಂಟಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ಕಿವಿಯನ್ನು ಗೋಡೆಯ ತಗಡಿನತ್ತ ಒಯ್ಯುತ್ತಿದ್ದಳು. ಒಸಾಕಾದ ಹಳೆಯ ಸ್ನಾನಗೃಹ ಎಂದಮೇಲೆ ಅಂಥದೊಂದು ತೊಟ್ಟಿ ಇರಲೇಬೇಕು. ಗೋಡೆಯ ತಗಡಿನಿಂದ ಸಣ್ಣ ಕರೆಂಟು ಹರಿಯುವ ಅದರ ನೀರು ನೋಯುವ ಸೊಂಟ, ಮಂಡಿಗಳನ್ನು ಜುಮ್ಮೆನ್ನಿಸುತ್ತದೆ. ಆದರೆ ತಲೆಗೆ?! ಕನಾಕೊ ಬಟ್ಟೆ ಸಮೇತ ಇಳಿದು ಮುದುಕಿಯನ್ನು ಬಾಚಿ ತಬ್ಬಿ ಮೇಲೆಳೆದಳು.

"ಬಿಡೇ! ಆ ಡಾಕ್ಟರಮ್ಮನ ಮಿಷಿನ್ನು ಚುರುಕ್ ಅಂತಾನೂ ಅನ್ನಲ್ಲ. ಕಚ್ಚದೇ ಇರೋದು ಕೆಲಸ ಮಾಡುತ್ತಾ? ನಮ್ಮನೇಲೇ ನಲವತ್ತು ವರ್ಷದಿಂದ ಒಳ್ಳೇ ಕಚ್ಚೋ ಕರೆಂಟಿದೆ!"

ಹೋದ ವರ್ಷದ ಜ್ವರ, ಮೈಯ ಸಮತೋಲ ಕಾಯುವ ಸೆತ್ಸುವಿನ ಎರಡೂ ಒಳಗಿವಿಗಳನ್ನು ಕೆಡಿಸಿತ್ತು. ಕಣ್ಣು ಮುಚ್ಚಿದರೆ ತೂರಾಟ, ಒದ್ದೆ ನೆಲದ ಮೇಲೆ ತೂರಾಟ. ನಿನ್ನೆ ಆಸ್ಪತ್ರೆಯಲ್ಲಿ ನಿಶಿಯೊ ಡಾಕ್ಟರು ಕಿವಿಗಳ ಹಿಂದೆ ಪಟ್ಟಿ ಅಂಟಿಸಿ, ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಸಿ, ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿದ್ದರು. ಎಷ್ಟೋ ತಿಂಗಳ ಮೇಲೆ ಬೀಳದೆ ನಿಂತಿದ್ದಳು ಮುದುಕಿ! ಅಲ್ಲಿಂದಲೇ ಈ ಬುದ್ಧಿವಂತಿಕೆ ಹುಟ್ಟಿದ್ದು.

ಬಾಯ್ಲರ್ ಬಿಟ್ಟು ಓಡಿಬಂದ ಕನಾಕೊಳ ಗಂಡ ತಕುಜಿ ಅವರಿಬ್ಬರನ್ನೂ ನೋಡಿ ಬೆಳ್ಳಗಾದ.

"ಸಾಕಮ್ಮ, ಸಾಕು! ವೃದ್ಧಾಶ್ರಮದಲ್ಲಿ ರೂಮು ಖಾಲಿಯಾಗಿದೆ. ಶುಕ್ರವಾರ ಹೊರಡು. ಈ ಒದ್ದೆ ನೆಲದಲ್ಲಿ ನಿನ್ನ ಹೆಣ ಎತ್ತೋಕೆ ನನ್ನ ಕೈಲಾಗಲ್ಲ."

ಇಪ್ಪತ್ತೆರಡು ವರ್ಷ ಬಿಡುವಿಲ್ಲದೆ ಸೊಸೆಯನ್ನು ಕುಟುಕಿದ್ದ ಸೆತ್ಸು ಈಗ ಅದೇ ಸೊಸೆಯ ಬೆನ್ನ ಹಿಂದೆ ಸರಿದಳು. ಕನಾಕೊ ಒಂದು 'ಹೂಂ' ಅಂದಿದ್ದರೆ ಸಾಕಿತ್ತು... ಟವೆಲು ಮಡಿಸೋಕೂ ಬರಲ್ಲ, ನೆಲ ಉಜ್ಜೋಕೂ ಬರಲ್ಲ ಎಂಬ ಮಾತುಗಳೆಲ್ಲ ಶುಕ್ರವಾರಕ್ಕೆ ಮುಗಿಯುತ್ತಿದ್ದವು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅತ್ತೆಯ ಒದ್ದೆ ಕೈ ಅವಳ ತೋಳನ್ನು ಬಿಗಿಯಾಗಿ ಹಿಡಿದಿತ್ತು.

"ಎರಡು ವಾರ ತಡೀರಿ," ಅಂದಳು. "ಮಿಷಿನ್ ಮನೆಗೆ ಕೊಡ್ತೀನಿ ಅಂದಿದ್ದಾರೆ ಡಾಕ್ಟರು. ಅತ್ತೆಯ ಜವಾಬ್ದಾರಿ ನಂದು."

"ಬಾಗಿಲಿಂದ ದೊಡ್ಡ ತೊಟ್ಟಿವರೆಗೆ ಯಾರ ಕೈಯೂ ಹಿಡೀದೆ ನಡೀಲಿ," ಅಂದ ತಕುಜಿ. " ಆಮೇಲೆ ಮಾತಾಡೋಣ."

ತೊಟ್ಟಿಯ ಕಥೆ ಕೇಳಿ ನಿಶಿಯೊ ಡಾಕ್ಟರು ನಕ್ಕರು, ಆಮೇಲೆ ಚೆನ್ನಾಗಿ ಗದರಿದರು. "ಕಿವಿ ಪೂರ್ತಿ ಸತ್ತಿಲ್ಲ ಅಜ್ಜಿ, ತೂಕಡಿಸ್ತಿದೆ. ಮೆಲ್ಲಗೆ ಎಬ್ಬಿಸಬೇಕು, ಚಚ್ಚಬಾರದು! ಅರ್ಧ ಗಂಟೆ ಹಾಕ್ಕೊಳ್ಳಿ, ನೀರಿಗಿಳಿಯೋ ಮುಂಚೆ ತೆಗೀರಿ. ವಾಸಿ ಆಗುತ್ತೆ ಅಂತ ಹೇಳಲ್ಲ. ಸ್ವಲ್ಪ ಹೊತ್ತು ಆಸರೆ, ಅಷ್ಟೆ."

ದಿನವೂ ಮಧ್ಯಾಹ್ನ ಕನಾಕೊ ಪಟ್ಟಿ ಅಂಟಿಸಿದಳು; ದಿನವೂ ಸೆತ್ಸು, "ಓರೆಯಾಗಿ ಅಂಟಿಸಿದ್ದೀಯ, ಯಾವ ಕೆಲಸ ನೆಟ್ಟಗೆ ಮಾಡ್ತೀಯ ನೀನು!" ಎಂದಳು. ಮೊದಲು ಒಣ ನೆಲ, ಆಮೇಲೆ ಒದ್ದೆ ನೆಲ. ಐದು ಹೆಜ್ಜೆ ಒಂಬತ್ತಾಯಿತು, ಒಂಬತ್ತು ಹದಿನಾಲ್ಕಾಯಿತು.

ಕೊನೆಯ ದಿನ ತಕುಜಿ ಬಾಗಿಲಲ್ಲಿ ಕೈಕಟ್ಟಿ ನಿಂತ. ಸೆತ್ಸು ಹೊರಟಳು. ನಡುದಾರಿಯಲ್ಲಿ ಮೈ ವಾಲಿತು... ಹಿಂದೆಯೇ ಇದ್ದ ಕನಾಕೊಳ ಕೈ ತಾನಾಗಿ ಮುಂದಕ್ಕೆ ಚಾಚಿಕೊಂಡಿತು!

"ಕೈ ತೆಗಿ!" ಮುದುಕಿ ಗುಡುಗಿದಳು. ಕಾಲು ಊರಿ ನಿಂತು, ಉಸಿರೆಳೆದು, ಮತ್ತೆ ನಡೆದು, ತೊಟ್ಟಿಯ ಅಂಚು ಮುಟ್ಟಿದಳು.

ತಕುಜಿ ಕಣ್ಣೊರೆಸಿಕೊಂಡ. "ರೂಮು ಬೇಡ ಅಂತ ಫೋನ್ ಮಾಡ್ತೀನಮ್ಮ..."

"ಮಾಡು. ಮೊದಲು ಆಚೆ ನಡಿ, ಇದು ಹೆಂಗಸರ ಕಡೆ!"

ಅವನು ಹೋದ ಮೇಲೆ ಸೆತ್ಸು ಮಣೆಯ ಮೇಲೆ ಕುಳಿತು, ಬೋಗುಣಿಗೆ ಬಿಸಿನೀರು ತುಂಬಿಕೊಂಡಳು. "ಕೂತ್ಕೊ. ಬೆನ್ನು ಕೊಡು."

ಕನಾಕೊ ದಂಗಾದಳು. ಅತ್ತೆಯ ಬೆನ್ನುಜ್ಜುವುದು ಸೊಸೆಯ ಕೆಲಸ. ಅತ್ತೆ ಸೊಸೆಯ ಬೆನ್ನುಜ್ಜಿದ್ದನ್ನು ಆ ಕೇರಿ ಕಂಡಿರಲಿಲ್ಲ. ಅವಳು ಅಂಗಿ ಕಳಚಿ ಕುಳಿತಳು. ಹೆಗಲ ಮೇಲೆ ಬಿಸಿನೀರು ಹರಿಯಿತು. ಅದರ ಜೊತೆ ಅವಳ ಕಣ್ಣೀರೂ ಹರಿಯಿತು.

"ಏನೇ ಇದು, ಬರೀ ಮೂಳೆ!" ಸೆತ್ಸು ಬೆನ್ನುಜ್ಜುತ್ತಲೇ ಗೊಣಗಿದಳು. "ನಾಳೆಯಿಂದ ಮೊದಲು ನೀನು ಊಟ ಮಾಡು. ಆಮೇಲೆ ನನ್ನ ಕಿವಿ ನೋಡು."