ಬೀಗಕ್ಕೆ ಬಿಟ್ಟ ಎಣ್ಣೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಬೀಗ ರಿಪೇರಿ ಮಾಡುತ್ತಿದ್ದ ಅವರ ತಂದೆಯ ವಿಲ್. ಅದನ್ನು ಜಾರಿ ಮಾಡುವ ಎಕ್ಸಿಕ್ಯೂಟರ್ ಆಗಿ ತಂದೆ ಅವರನ್ನೇ ನೇಮಿಸಿ ತೀರಿಕೊಂಡಿದ್ದರು. ಇನ್ನೊಂದು, ಆ ನೇಮಕವನ್ನು ಪ್ರಶ್ನಿಸಿ ಅವರ ತಮ್ಮ ಹಾಕಿದ್ದ ಕೇಸಿನಲ್ಲಿ ನ್ಯಾಯಾಲಯ ಕೊಟ್ಟ ಆದೇಶ: ತೀರ್ಪು ಬರುವವರೆಗೆ ಅಂಗಡಿಯ ಯಾವ ವಸ್ತುವೂ ಕದಲಬಾರದು.

"ನಾನು ಬರೆದ ಪಟ್ಟಿಯಲ್ಲಿ ನೂರಾ ಹನ್ನೆರಡು ಸಾಮಾನು ಸರ್. ಇವತ್ತು ನೂರಾ ಹನ್ನೊಂದೇ ಇದೆ."

"ಹೋಗಿರೋದೇನು?"

"ಹಳೇ ಹಿತ್ತಾಳೆ ಬೀಗ. ಕೀಲಿ ಇಲ್ಲ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟರು. "ಬೀಗದ ಅಂಗಡೀಲಿ ಬೀಗ ಕಳುವು. ಇದನ್ನ ಬರೆದ್ರೆ ಮೇಲಿನವರು ನಗ್ತಾರಮ್ಮ."

"ಶುಕ್ರವಾರ ವಿಚಾರಣೆ. ಒಂದು ಕಮ್ಮಿಯಾದ್ರೂ ನನ್ನ ಕೈಲಾಗಲ್ಲ ಅಂತ ಎಕ್ಸಿಕ್ಯೂಟರ್ ಕೆಲಸದಿಂದ ತೆಗೆದುಹಾಕ್ತಾರೆ. ಅಪ್ಪ ನನ್ನ ನಂಬಿ ಬರೆದಿದ್ದು ಸರ್."

ಎಫ್‌ಐಆರ್ ದಾಖಲಿಸುವಂತೆ ಇನ್‌ಸ್ಪೆಕ್ಟರ್ ಹೇಳಿದರು.

10.50ಕ್ಕೆ ಸ್ಥಳ ಪಂಚನಾಮೆ. ಪಕ್ಕದಂಗಡಿಯ ದರ್ಜಿ ಮತ್ತು ಎದುರಿನ ಕ್ಷೌರಿಕ ಪಂಚರಾದರು. ಇಕ್ಕಟ್ಟಾದ ಕೋಣೆ, ಕಿಟಕಿಯ ಕೆಳಗೆ ಕೆಲಸದ ಮೇಜು, ಅದರ ಮುಂದೆ ಒಂದು ದೊಡ್ಡ ಸ್ಟೂಲು, ಒಂದು ಚಿಕ್ಕದು. ಬಾಗಿಲಿನ ಬೀಗ ಒಡೆದಿರಲಿಲ್ಲ. ಇನ್‌ಸ್ಪೆಕ್ಟರ್ ಕೀಲಿಕಂಡಿಯ ಮೇಲೆ ಬೆರಳಾಡಿಸಿದರು. ಬೆರಳು ಜಿಡ್ಡಾಯಿತು.

"ಎಣ್ಣೆ ಬಿಟ್ಟಿದ್ದು ನೀವಾ?"

ದೂರು ಕೊಟ್ಟ ಅಕ್ಕ ಆ ಬೆರಳನ್ನೇ ನೋಡುತ್ತ ನಿಂತರು. "ನಾನಲ್ಲ. ಅಪ್ಪ ಹಾಗೆ ಮಾಡೋರು. ಕೀಲಿಯಿಲ್ಲದೆ ತೆಗೆದ ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಡದೆ ವಾಪಸ್ ಕೊಡ್ತಿರಲಿಲ್ಲ. ಅದಕ್ಕೆ ನೋವಾಗಿರುತ್ತೆ ಅಂತಿದ್ರು."

"ಈ ಕೆಲಸ ಅವರ ಹತ್ತಿರ ಕಲಿತವರು ಯಾರು?"

"ತಮ್ಮ ಒಬ್ಬನೇ," ಎಂದರು ತಡೆದು ತಡೆದು.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಮಧ್ಯಾಹ್ನ 1.10ಕ್ಕೆ ವರ್ಕ್‌ಶಾಪಿನ ಬೆಂಚಿನ ಮೇಲೆ ಸಿಕ್ಕಿದ. ಊಟದ ಡಬ್ಬಿ ಮುಚ್ಚಿಯೇ ಇತ್ತು. ಮಡಿಲಲ್ಲಿ ಆ ಹಿತ್ತಾಳೆ ಬೀಗವಿತ್ತು. ಅವನು ಅದನ್ನು ಬಚ್ಚಿಡಲಿಲ್ಲ.

"ಅಕ್ಕನ ಹೆಸರು ಕೆಡಿಸೋಕೆ ಕದ್ದೆಯಾ?"

"ಇಲ್ಲ ಸರ್."

"ಮತ್ತೆ ಕೇಸು ಯಾಕೆ ಹಾಕಿದೆ?"

"ಅಂಗಡಿ ಸಾಮಾನೆಲ್ಲ ಮಾರಬೇಕು ಅಂತ ವಿಲ್‌ನಲ್ಲಿದೆ. ಇದೊಂದು ಕೊಡೇ ಅಂತ ಕೇಳ್ದೆ. ಪಟ್ಟಿಗೆ ಹತ್ತಿದೆ, ಕೊಡೋ ಅಧಿಕಾರ ನನಗಿಲ್ಲ ಅಂದ್ಳು. ಮಾರೋದು ನಿಲ್ಲಲಿ ಅಂತ ಕೇಸು ಹಾಕ್ದೆ. ಹಾಕಿದ ಮೇಲೆ ನಾನೂ ಮುಟ್ಟೋ ಹಾಗಿಲ್ಲ ಅಂತಾಯ್ತು."

ಹೆಡ್ ಕಾನ್‌ಸ್ಟೆಬಲ್ ಕೆಮ್ಮಿದರು. ನಗು ತಡೆದದ್ದು ತಿಳಿಯುವಂತಿತ್ತು. ಬೀಗವನ್ನು ಜಪ್ತಿ ಮಾಡಿ, 1.35ಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅಕ್ಕ ಬೀಗವನ್ನು ಗುರುತಿಸಿ ಸಹಿ ಹಾಕಿದರು. ಪಟ್ಟಿ ಸರಿಹೋಯಿತು, ಶುಕ್ರವಾರದ ಭಯ ಕಳೆಯಿತು. ಆದರೂ ಅವರು ಏಳದೆ ತಮ್ಮನ ಕಡೆ ತಿರುಗಿದರು.

"ದಡ್ಡ ಕಣೋ ನೀನು. ಅದು ತೆರೆಯೋ ಬೀಗವೇ ಅಲ್ಲ. ಚಿಕ್ಕವನಿದ್ದಾಗ ನೀನು ಬೀದಿಗೆ ಓಡದೆ ಅದನ್ನ ತೆಗೆಯೋಕೆ ನೋಡ್ತಾ ಪಕ್ಕದಲ್ಲಿ ಕೂತಿರಲಿ ಅಂತ ಅಪ್ಪ ಒಳಗೆ ಬೆಸುಗೆ ಹಾಕಿದ್ರು. ನಾನೇ ನೋಡಿದೀನಿ."

"ಗೊತ್ತು ಕಣಕ್ಕ. ಹತ್ತನೇ ವಯಸ್ಸಿಗೇ ಗೊತ್ತಾಯ್ತು."

"ಮತ್ತೆ?"

"ಹದಿನಾಲ್ಕರವರೆಗೂ ತೆಗೀತಾನೇ ಕೂತಿದ್ದೆ. ಅಪ್ಪ ಪಕ್ಕದಲ್ಲಿ ಇರ್ತಿದ್ರಲ್ಲ."

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಅಷ್ಟಕ್ಕೇ ಮುಗಿಸಿದರು. ಉದ್ದೇಶ ಎಂಬ ಕಡೆ ಏನು ಬರೆಯಬೇಕೆಂದು ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಕೇಳಿದರು.