ಹೇಮಕೂಟ ಹತ್ತಿದ ದಿನ

"ಕೈ ತೆಗೀರಿ."

ಗುರುದೇವಿಯ ದನಿಗೆ ಓಮ್ನಿ ವ್ಯಾನಿನ ಡ್ರೈವರ್ ಬೆಚ್ಚಿ ಹಿಂದೆ ಸರಿದ. ಅವಳ ಅಪ್ಪನನ್ನು ವ್ಯಾನಿಗೆ ಹತ್ತಿಸಲು ಚಾಚಿದ್ದ ಕೈ ಹಾಗೇ ಉಳಿಯಿತು.

"ಸಹಾಯ ಮಾಡೋಣ ಅಂತ..."

"ನಮ್ಮಪ್ಪ ತಾನೇ ಹತ್ತುತ್ತಾರೆ. ನೀವು ಲಗೇಜ್ ನೋಡ್ಕೊಳ್ಳಿ."

2007ರ ಡಿಸೆಂಬರ್. ಕಾಮಾಕ್ಷಿಪಾಳ್ಯದ ಗಲ್ಲಿಯಲ್ಲಿ ಹಾಲಿನವರು ಓಡಾಡುತ್ತಿದ್ದ ಹೊತ್ತು. ಅಪ್ಪ ಅಮೀನಪ್ಪ ಎರಡು ಸಲ ಜಾರಿ, ಮೂರನೇ ಸಲಕ್ಕೆ ಸೀಟಿನ ಮೇಲೆ, ಹೆಂಡತಿ ಪಾರವ್ವನ ಪಕ್ಕ ಕುಳಿತರು. ಡ್ರೈವರ್ ಕಣ್ಣು ತೆಗೆಯದೆ ನೋಡುತ್ತಿದ್ದ. ಕೆಂಗೇರಿಯ ಹುಡುಗ, ಹೆಸರು ಜೀವನ್, ಸ್ವಂತ ಗಾಡಿ.

'ಇವನೂ ಅಯ್ಯೋ ಪಾಪ ಅನ್ನೋ ಜಾತಿಯವನೇ...' ಗುರುದೇವಿ ಅಲ್ಲೇ ತೀರ್ಮಾನಿಸಿಬಿಟ್ಟಳು.

ಎರಡು ವರ್ಷದ ಹಿಂದೆ ವರ್ಕ್‌ಶಾಪಿನ ಯಂತ್ರಕ್ಕೆ ಸಿಕ್ಕಿ ಅಮೀನಪ್ಪನವರ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕೃತಕ ಕಾಲು ಬಂದರೂ ಅವರು ಮನೆಯಿಂದ ಹೊರಬೀಳಲಿಲ್ಲ. ನೋಡಲು ಬಂದವರೆಲ್ಲ ಮರುಗಿ ಹೋಗುವವರೇ. ಕುಷ್ಟಗಿಯ ಬಯಲಲ್ಲಿ ಕುರಿ ಕಾಯುತ್ತ ಬೆಳೆದ ಮನುಷ್ಯ ಒಂದು ದಿನ, "ಇನ್ನೊಮ್ಮೆ ಬಯಲಾಗ ಮಲಗಬೇಕವ್ವ... ಹಂಪಿ ನೋಡಬೇಕು" ಅಂದರು.

ಗುರುದೇವಿಗೆ ಅಷ್ಟು ಸಾಕಾಯಿತು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಅವಳು ಕ್ಯಾನ್ವಾಸ್ ತಂದು ತಾನೇ ಟೆಂಟು ಹೊಲಿದಳು.

ಮಧ್ಯಾಹ್ನ ಚಿತ್ರದುರ್ಗ ಬಂತು. ಕೋಟೆಯ ಬಾಗಿಲೆದುರು ಅವಳು ಅಪ್ಪನ ಕಡೆ ತಿರುಗುವಷ್ಟರಲ್ಲಿ ಜೀವನ್ ಅಡ್ಡ ಬಂದ.

"ಯಜಮಾನ್ರು ಇಲ್ಲೇ ನೆರಳಲ್ಲಿ ಕೂತಿರ್ಲಿ. ನೀವೂ ಅಮ್ಮನೂ ನೋಡ್ಕೊಂಡ್ ಬನ್ನಿ."

'ಹೇಳೋಕೆ ಇವನ್ಯಾರು?'

ಆದರೆ ಅಮೀನಪ್ಪ ತಲೆ ತಗ್ಗಿಸಿ, "ಹೋಗಿ ಬರ್ರಿ" ಅಂದರು. ಅಷ್ಟು ದೊಡ್ಡ ಕೋಟೆಯಲ್ಲಿ ಒಂದು ಕಲ್ಲೂ ಗುರುದೇವಿಯ ಮನಸ್ಸಿಗೆ ಇಳಿಯಲಿಲ್ಲ.

ಸಂಜೆ ಹಂಪಿಯ ಹತ್ತಿರ, ತುಂಗಭದ್ರೆಯ ದಂಡೆಯ ಬಾಳೆತೋಟವೊಂದರಲ್ಲಿ ತೋಟದವರನ್ನು ಕೇಳಿಕೊಂಡು ಇಳಿದರು. ಅಮ್ಮ ಪಾರವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಜೀವನ್ ಟೆಂಟಿನ ಹಗ್ಗ ಬಿಗಿಯುತ್ತಿದ್ದ. ಗುರುದೇವಿಗೆ ತಡೆಯಲಾಗಲಿಲ್ಲ.

"ನಮ್ಮಪ್ಪ ನಿಮ್ಮ ಗಾಡಿ ಕಾಯೋಕೆ ಬಂದಿಲ್ಲ. ಕಾಲಿಲ್ದೋರು ಕೋಟೆ ನೋಡಬಾರ್ದು ಅಂತ ನಿಮಗ್ಯಾರು ಹೇಳಿದ್ದು?"

ಜೀವನ್ ಒಮ್ಮೆ ಅಮೀನಪ್ಪನವರ ಮುಖ ನೋಡಿದ. "ತಪ್ಪಾಯ್ತು ಕಣ್ರೀ," ಅಂದ. ಅಷ್ಟೇ.

"ಅವನಿಗ್ಯಾಕ ಬೈತಿ?" ಅಮೀನಪ್ಪ ಪ್ಯಾಂಟು ಮಡಚಿ ಕೃತಕ ಕಾಲಿನ ಪಟ್ಟಿ ಬಿಚ್ಚಿದರು. ಒಳಗೆ ಚರ್ಮ ಸುಲಿದು ಬಟ್ಟೆಗೆ ರಕ್ತ ಅಂಟಿತ್ತು. "ತುಮಕೂರಿನಾಗ ಚಾ ಕುಡಿಯುವಾಗ ಈ ಹುಡುಗ ಇದನ್ನ ನೋಡಿದ. ನಿನಗ ಗೊತ್ತಾದ್ರ ಮನಿಗೆ ತಿರುಗಿಸ್ತಿ ಅಂತ ನಾನ ಅವನ ಬಾಯಿ ಮುಚ್ಚಿಸಿದ್ದೆ."

ಗುರುದೇವಿ ಅಪ್ಪನ ಕಾಲ ಬಳಿ ಕೂತು ಆ ಬಟ್ಟೆಯನ್ನು ಮೆಲ್ಲಗೆ ಬಿಡಿಸಿದಳು. ಅಪ್ಪ ಅಮ್ಮನ ಮುಂದೆ ಅಷ್ಟು ಅನ್ನಿಸಿಕೊಂಡೂ ಜೀವನ್ ಕೊಟ್ಟ ಮಾತಿಗೆ ಸುಮ್ಮನಿದ್ದನಲ್ಲ...

ಮರುದಿನ ಬೆಳಗ್ಗೆ ಜೀವನ್ ಅಮೀನಪ್ಪನವರನ್ನು ಹೊಸಪೇಟೆಯ ಡಾಕ್ಟರ ಬಳಿ ಕರೆದೊಯ್ದ. ಮೂರು ದಿನ ಕೃತಕ ಕಾಲು ಹಾಕಬಾರದು, ಆಮೇಲೆ ಒಳಗೆ ಮೆತ್ತನೆಯದೇನಾದರೂ ಇರಬೇಕು ಎಂದರು ಡಾಕ್ಟರು. ಗುರುದೇವಿ ಹತ್ತಿ ತುಂಬಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಒಂದು ಮೆತ್ತೆ ಹೊಲಿಯಲು ಕುಳಿತಳು. ಅಪ್ಪನ ಅಳತೆಗೆ ಬರುವವರೆಗೆ ನಾಲ್ಕು ಸಲ ಬಿಚ್ಚಿ ಹೊಲಿದಳು.

ಜೀವನ್ ಹತ್ತಿರದಲ್ಲೇ ಸೌದೆ ಸೀಳುತ್ತಿದ್ದ.

"ನಿನ್ನೆ ಅಪ್ಪ ಗಾಡಿ ಹತ್ತುವಾಗ ಹಾಗೆ ನೋಡಿದ್ರಲ್ಲ... ಕನಿಕರ ಅಂದ್ಕೊಂಡೆ," ಅವಳು ಸೂಜಿಯಿಂದ ತಲೆಯೆತ್ತದೆ ಹೇಳಿದಳು.

"ಕನಿಕರ ಅಲ್ಲ ಕಣ್ರೀ. ಎರಡು ಸಲ ಬಿದ್ದೂ ಮೂರನೇ ಸಲ ಹತ್ತಿದ್ರಲ್ಲ. ನಾನಾಗಿದ್ರೆ ಎರಡಕ್ಕೇ ಬಿಟ್ಬಿಡೋನು. ಡಿಗ್ರಿನೂ ಹಂಗೇ ಬಿಟ್ಟಿದ್ದು."

ಗುರುದೇವಿ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ! ಆ ನಗು ಕೇಳಿ ಪಾರವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

ಡಾಕ್ಟರು ಹೇಳಿದ ಮೂರು ದಿನ ಕಳೆದು ನಾಲ್ಕನೇ ದಿನ ಬೆಳಗ್ಗೆ ಎಲ್ಲರೂ ಹಂಪಿಯ ಹೇಮಕೂಟ ಗುಡ್ಡದ ಬುಡದಲ್ಲಿ ನಿಂತರು. ಇಳಿಜಾರು ಬಂಡೆ, ಎಳೆ ಬಿಸಿಲು. ಅಮೀನಪ್ಪ ಹೊಸ ಮೆತ್ತೆಯ ಮೇಲೆ ಕಾಲು ಬಿಗಿದುಕೊಂಡರು. ಗುರುದೇವಿ ಮುಂದೆ, ಜೀವನ್ ಹಿಂದೆ, ಅವನ ಹಿಂದೆ ಪಾರವ್ವ. ಯಾರೂ ಅವರನ್ನು ಮುಟ್ಟಲಿಲ್ಲ.

ಅರ್ಧ ದಾರಿಯಲ್ಲಿ ಅಮೀನಪ್ಪ ಜಾರಿ ಮಂಡಿಯೂರಿದರು.

ಇಬ್ಬರ ಕೈಗಳೂ ಒಟ್ಟಿಗೆ ಮುಂದೆ ಬಂದವು. ಗುರುದೇವಿ ಜೀವನ್‌ನ ಕಣ್ಣು ನೋಡಿದಳು. ಅವನು ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದ. ಇಬ್ಬರೂ ಕೈ ಹಿಂದೆಗೆದುಕೊಂಡರು.

ಅಮೀನಪ್ಪ ಬಂಡೆಗೆ ಅಂಗೈ ಒತ್ತಿ ಎದ್ದರು. ಒಂದೊಂದೇ ಹೆಜ್ಜೆ... ಕೊನೆಗೆ ಮೇಲಿನ ಕಲ್ಲುಮಂಟಪ. ಕೆಳಗೆ ವಿರೂಪಾಕ್ಷನ ಗೋಪುರ, ಅದರಾಚೆ ಹೊಳೆ, ಕಣ್ಣಿಗೆಟಕುವಷ್ಟು ದೂರ ಬಂಡೆಯ ಬಯಲು.

"ಪಾರೂ, ಬಂದ್ನೋ ಇಲ್ಲೋ ನೋಡು."

ಪಾರವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಮೀನಪ್ಪ ಎದೆ ತುಂಬ ಉಸಿರೆಳೆದು, ದೂರದ ಕುರಿಗಳನ್ನು ಕರೆಯುವಂತೆ "ಹೋ... ಹೋ..." ಎಂದು ಕೂಗು ಹಾಕಿದರು. ಬಂಡೆಗಳೆಲ್ಲ ಓಗೊಟ್ಟವು. ಬುಡದಲ್ಲಿದ್ದ ಪ್ರವಾಸಿಗರು ತಲೆಯೆತ್ತಿ ನೋಡಿದರು. ಮರುಕದಿಂದಲ್ಲ, ಬೆರಗಿನಿಂದ.

ಗುರುದೇವಿ ಬಂಡೆಯ ಮೇಲೆ ಕುಳಿತು ಅತ್ತಳು. ಜೀವನ್ ಬಂದು ಸ್ವಲ್ಪ ದೂರದಲ್ಲಿ ಕುಳಿತ.

"ನಾಳೆ ನಿಮ್ಮನ್ನೆಲ್ಲ ಮನೆಗೆ ಬಿಟ್ಟು ನಾನು ಕೆಂಗೇರಿಗೆ ಹೋಗ್ಬೇಕು."

"ಹೂಂ."

"ಹೋಗೋಕೆ ಮನಸ್ಸೇ ಇಲ್ಲ, ಗುರುದೇವಿ." ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. "ನಿಮ್ಮ ಜೊತೆ ಇದ್ರೆ ನಾನೂ ಯಾವುದನ್ನೂ ಅರ್ಧಕ್ಕೆ ಬಿಡಲ್ಲ ಅನ್ಸುತ್ತೆ. ಭಾನುವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಗುರುದೇವಿ ಕೆಳಗಿನ ಗೋಪುರದ ಕಡೆ ನೋಡಿದಳು. 'ನಾನಾಗಿ ಕೇಳೋಕೆ ಮುಂಚೆ ಕೇಳಿಬಿಟ್ಟ...'

"ಭಾನುವಾರ ನನಗೆ ಓವರ್‌ಟೈಮ್ ಇದೆ."

ಜೀವನ್‌ನ ಮುಖ ಬಾಡಿತು. "ಹೌದಾ... ಪರವಾಗಿಲ್ಲ ಬಿಡಿ."

"ಐದು ಗಂಟೆಗೆ ಮುಗಿಯುತ್ತೆ," ಎಂದಳು ಗುರುದೇವಿ, ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳುತ್ತ. "ಆರಕ್ಕೆ ಬನ್ನಿ. ಮುಖ ತೊಳ್ಕೊಂಡು ರೆಡಿಯಾಗಿರ್ತೀನಿ."