ಅಷ್ಟಬಂಧದ ತಿರುವು

ಅಪಘಾತವಾದ ಮೂರನೇ ದಿನ, ಬೆಳಗ್ಗೆ ಆರೂವರೆಗೆ, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ರವೂಫ್ ಠಾಣೆಗೆ ಬಂದ. ಬೆಂಗ್ರೆಯಿಂದ ಮೀನು ಹೇರಿಕೊಂಡು ಹೊರಟ ಅವನ ಪಿಕಪ್ ವಾಮಂಜೂರಿನ ಆಚೆ ತಿರುವಿನಲ್ಲಿ ರಸ್ತೆ ಬಿಟ್ಟು ಗದ್ದೆಗೆ ಉರುಳಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಹಲೀಮಾಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಕಣ್ಣು ಎಳೆದದ್ದು ಹೌದು ಮೇಡಂ. ಆದ್ರೆ ಅಲ್ಲಿ ಅಂಚಿನ ಗೆರೆ ದಾಟಿದ್ರೆ ಚಕ್ರದಡಿ ಗುರ್ ಅಂತ ಸದ್ದು ಬರ್ತದೆ. ಎರಡು ಸಲ ಅದೇ ನನ್ನನ್ನು ಎಬ್ಬಿಸಿದೆ. ಅವತ್ತು ಬರ್ಲೇ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ಎಂದು ಕಾನ್‌ಸ್ಟೇಬಲ್ ಸರ್ವೋತ್ತಮ ಗೊಣಗಿದ. ಇನ್‌ಸ್ಪೆಕ್ಟರ್ ಭಾರ್ಗವಿ ಎಫ್‌ಐಆರ್ ದಾಖಲಿಸಿ ಸರ್ವೋತ್ತಮನನ್ನೇ ಜೀಪು ಹತ್ತಿಸಿದಳು.

ತಿರುವಿನಲ್ಲಿ ಮಂಜು ಕವಿದು ಗದ್ದೆ ಯಾವುದು, ರಸ್ತೆ ಯಾವುದು ತಿಳಿಯುತ್ತಿರಲಿಲ್ಲ. ಕೊಕ್ಕರೆಗಳು ನೆಲ ಮುಟ್ಟದೆ ನಿಂತ ಹಾಗಿದ್ದವು. ತಾನಿನ್ನೂ ಎದ್ದೇ ಇಲ್ಲವೇನೋ ಅಂತ ಭಾರ್ಗವಿಗೂ ಒಂದು ಗಳಿಗೆ ಅನ್ನಿಸಿತು. ಮಂಡಿಯೂರಿ ಬಿಳಿ ಗೆರೆ ತಡವಿದಳು. ಸದ್ದು ಮಾಡಲೆಂದು ಕೊರೆದ ಗೀರುಗಳೆಲ್ಲ ತುಂಬಿ ನುಣ್ಣಗಾಗಿದ್ದವು. ಡಾಮರಲ್ಲ, ಸಿಮೆಂಟೂ ಅಲ್ಲ. ಉಗುರಲ್ಲಿ ಕೆರೆದು ಮೂಸಿದಳು. ರಾಳ, ಜೇನುಮೇಣ, ಬೆಣ್ಣೆ.

"ದೇವರನ್ನು ಪೀಠಕ್ಕೆ ಕೂರಿಸುವಾಗ ಮೆತ್ತುವ ಅಷ್ಟಬಂಧ ಇದು. ರಸ್ತೆಗೆ ಯಾರು ಹಾಕ್ತಾರೆ ಮಾರಾಯ?"

"ಇದನ್ನು ಒರಳಲ್ಲಿ ಕುಟ್ಲಿಕ್ಕೆ ಗೊತ್ತಿದ್ದವರು, ಮೇಡಂ," ಅಂದ ಸರ್ವೋತ್ತಮ.

ತಿರುವಿಗೆ ಮುಖಮಾಡಿ ಇದ್ದದ್ದು ಒಂದೇ ಮನೆ, ನಿವೃತ್ತ ಅರ್ಚಕ ರಾಧಾಕೃಷ್ಣ ಭಟ್ಟರದ್ದು. ಜಗಲಿಯ ಒರಳಿನಲ್ಲಿ ಅದೇ ಅಂಟು. ಪಂಚರನ್ನು ಕರೆಸಿ ಪಂಚನಾಮೆ ಮಾಡಿ, ಒನಕೆಯನ್ನು ವಶಕ್ಕೆ ತೆಗೆದುಕೊಂಡರು. ಭಟ್ಟರು ತಡೆಯಲಿಲ್ಲ.

"ಗೀರು ಮುಚ್ಚಿದ್ದು ನೀವಾ?"

"ನಾನೇ. ಹಾಕಿಸಿದ್ದೂ ನಾನೇ."

"ಎಂತಕ್ಕೆ?"

"ಮಗ ವಿಭವ ಅಲ್ಲೇ ಬೈಕಿನಲ್ಲಿ ರಸ್ತೆ ಬಿಟ್ಟು ತೀರಿಹೋದ. ಇನ್ನೊಬ್ಬರ ಮಕ್ಕಳು ಹೋಗಬಾರದು ಅಂತ ಕಚೇರಿ ಅಲೆದು ಹಾಕಿಸಿದೆ. ಈಗ ಗುರ್ ಅಂದಾಗೆಲ್ಲ ನನ್ನ ಹೆಂಡತಿ ನೀರಜಾಕ್ಷಿ ಎದ್ದು ಗೇಟಿಗೆ ಓಡ್ತಾಳೆ, ವಿಭವ ಬಂದ ಅಂತ. ಎಷ್ಟು ಸಲ ಅವಳನ್ನು ಒಳಗೆ ಕರ್ಕೊಂಡು ಬರ್ಲಿ?"

ಭಾರ್ಗವಿ ಗೇಟಿನತ್ತ ನೋಡಿದಳು. ಆದರೂ ಹೇಳದೆ ವಿಧಿಯಿರಲಿಲ್ಲ.

"ಪಿಕಪ್‌ನಲ್ಲಿದ್ದ ಹಲೀಮಾ ಇನ್ನೂ ಕಣ್ಣು ಬಿಟ್ಟಿಲ್ಲ, ಭಟ್ರೇ."

"ಮಕ್ಕಳು?"

"ಒಬ್ಬಳು ಮಗಳು ಉಂಟು. ಬೆಂಗ್ರೆಗೆ ಫೆರಿ ಬಂದಾಗೆಲ್ಲ ದಡಕ್ಕೆ ಓಡ್ತಾಳಂತೆ, ಅಮ್ಮ ಬಂದ್ರು ಅಂತ."

ಭಟ್ಟರು ಕಂಬ ಹಿಡಿದು ಕೂತರು.

"ಗೀರಿನ ಅಂಟನ್ನು ಇವತ್ತೇ ಬಿಡಿಸಿ," ಅಂದರು ಕೊನೆಗೆ. "ತಡವಾದ್ರೆ ಕಲ್ಲಾಗ್ತದೆ."

ಹತ್ತೂ ನಲವತ್ತಕ್ಕೆ ಬಂಧನ ದಾಖಲಾಯಿತು. ಸರ್ವೋತ್ತಮ ಜೀಪಿನ ಕೀಲಿಗೆ ಕೈ ಹಾಕಿದಾಗ ಭಟ್ಟರು ತಡೆದರು. "ಇಲ್ಲಿ ಸ್ಟಾರ್ಟ್ ಮಾಡ್ಬೇಡಿ. ನೀರಜಾಕ್ಷಿ ಮಲಗಿದ್ದಾಳೆ."

ರಸ್ತೆಯವರೆಗೆ ಜೀಪನ್ನು ತಳ್ಳಿಕೊಂಡೇ ಹೋದರು. ಭಟ್ಟರೂ ಹಿಂದಿನಿಂದ ಕೈ ಕೊಟ್ಟರು.